ಝಾವಿಸೆಯ ಪಾಲು

ಫೆಬ್ರವರಿ 8, ಝೆಖೋಮಾ

ಕ್ಯಾನಿನಲ್ಲಿ ದ್ರವ ನೈಟ್ರೋಜನ್ 32 ಸೆಂ.ಮೀ. ಡಿಮಾಪುರಕ್ಕೆ ಇನ್ನು 52 ದಿನ.

ಜೀಪಿನವನು ಊರಬಾಗಿಲ ಹೊರಗೇ ಸಾಮಾನು ಇಳಿಸಿ ಹೋಗಿಬಿಟ್ಟ. ಕ್ಯಾನು, ಸೂಕ್ಷ್ಮದರ್ಶಕ, ಥರ್ಮಾಕೋಲ್ ಪೆಟ್ಟಿಗೆ, ನನ್ನ ಹಾಸಿಗೆ, ನನ್ನ ಅಕ್ಕಿ ಎಲ್ಲವನ್ನೂ ನೂರೆಂಬತ್ತು ಕಲ್ಲುಮೆಟ್ಟಿಲು ಹತ್ತಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ನಲವತ್ತಮೂರನೆಯ ವಯಸ್ಸಿಗೆ ಇದು ಬೇಕಿತ್ತೇ? ಏಪ್ರಿಲ್ ಒಂದರಿಂದ ಡಿಮಾಪುರದ ಕಚೇರಿಯಲ್ಲಿ ನನಗೊಂದು ಕುರ್ಚಿ, ತಲೆಯ ಮೇಲೆ ಫ್ಯಾನು. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು.

ಹನ್ನೊಂದು ಊರು ಸುತ್ತಿಯಾಯಿತು. ಎಲ್ಲ ಕಡೆ ಬಿಳಿ ಹಂದಿಯ ರಕ್ತ ಬೆರೆತಿದೆ. ನಮ್ಮ ಅಂಗಾಮಿ ಬುಡಕಟ್ಟಿನ ಹಳೆಯ ಉದ್ದಮೂತಿಯ ಕರಿಹಂದಿ ತೆನ್ಯಿ ವೋ ಬೆರಕೆಯಾಗದೆ ಉಳಿದಿರುವುದು ಇಲ್ಲಿ, ಖ್ರಿಯೆನುವೊ ಎಂಬ ಮುದುಕಿಯ ದೊಡ್ಡಿಯಲ್ಲಿ ಮಾತ್ರ. ಎರಡು ಹೆಣ್ಣು, ಒಂದು ಗಂಡು. ಹೋದ ವರ್ಷ ಇವಳಿಂದ ಕೊಂಡ ಇನ್ನೊಂದು ಹೆಣ್ಣು ನಮ್ಮ ಹಂದಿ ತಳಿ ಕೇಂದ್ರದಲ್ಲಿದೆ. ಗಂಡಿನ ವೀರ್ಯ ಹಿಡಿದು, ಪ್ಲಾಸ್ಟಿಕ್ ನಳಿಕೆಗಳಲ್ಲಿ ತುಂಬಿ, ಈ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಕೇಂದ್ರಕ್ಕೆ ಒಯ್ಯುವುದು ನನ್ನ ಕೆಲಸ. ಐವತ್ತು ನಳಿಕೆ ಬೇಕು ಎಂದಿದ್ದಾರೆ ಸಾಹೇಬರು. ಅವರಿಗೇನು, ಬಾಯಲ್ಲಿ ಹೇಳಿಬಿಟ್ಟರೆ ಆಯಿತು.

ಗಂಡು ಎಲ್ಲಿ ಎಂದು ಕೇಳಿದರೆ ಮುದುಕಿ ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ ಒಂದು ಮರಿಯನ್ನು ತೋರಿಸಿದಳು. ಮೂರೂವರೆ ತಿಂಗಳಂತೆ.

"ದೊಡ್ಡ ಗಂಡು ಇಲ್ವಾ?" ಎಂದೆ.

"ದೊಡ್ಡ ಗಂಡು ಎಲ್ಲಿಂದ ಬರತ್ತೆ? ನಾಲ್ಕು ತಿಂಗ್ಳಿಗೆ ತರಡು ತೆಗ್ಸಿಬಿಡ್ತೀವಲ್ಲ. ಇಲ್ದಿದ್ರೆ ಮಾಂಸ ನಾರತ್ತೆ."

"ಮತ್ತೆ ಈ ಹೆಣ್ಣುಗಳಿಗೆ?"

"ಇದೇ. ಮೂರ್ ತಿಂಗ್ಳಿಗೇ ಶುರು ಮಾಡ್ಕೊಳತ್ತೆ. ಆಮೇಲೆ ಒಂದ್ ತಿಂಗ್ಳು ಇದೆಯಲ್ಲ, ಸಾಲ್ದಾ? ಗಂಡಸಿಗೆ ಆ ಕೆಲಸಕ್ಕೆ ಎಷ್ಟ್ ಹೊತ್ತು ಬೇಕು ಹೇಳು."

ಹುಣ್ಣಿಮೆಯವರೆಗೆ ತರಡು ತೆಗೆಸಬೇಡಿ ಎಂದು ಕೇಳಿಕೊಂಡೆ. ಆಯ್ತು ಎಂದಳು. ಉಳಿಯಲು ತನ್ನ ಮನೆಯಲ್ಲೇ ಜಾಗ ಕೊಟ್ಟು, ಊಟಕ್ಕೂ ಕರೆದಳು. ನನ್ನ ಅಕ್ಕಿ ಇದೆ ಎಂದೆ.

ಫೆಬ್ರವರಿ 10

30 ಸೆಂ.ಮೀ. 50 ದಿನ.

ಕೇಂದ್ರದಿಂದ ತಂದ ಮರದ ಹೆಣ್ಣುಹಂದಿ ಬಿಳಿ ಹಂದಿಗಳ ಅಳತೆಯದು. ಗಂಡು ಅದರ ಮೇಲೆ ಹತ್ತಿದಾಗ ವೀರ್ಯ ಹಿಡಿಯಬೇಕು. ನಮ್ಮ ವೀರ ಅದರ ಹೊಟ್ಟೆಯ ಕೆಳಗೆ ತಲೆ ತಾಗಿಸದೆ ಹಾದುಹೋದ. ಗರಗಸ ತರಿಸಿ ಅದರ ನಾಲ್ಕೂ ಕಾಲು ಕೊಯ್ದೆ. ಗೋಣಿ ಹೊದಿಸಿ, ತಾಯಿ ಹಂದಿಯ ಉಚ್ಚೆ ಸವರಿದೆ. ಬೇಲಿಯಾಚೆ ನೀರಿಗೆ ಹೊರಟಿದ್ದ ಹೆಂಗಸರೆಲ್ಲ ಕೊಡದ ಬುಟ್ಟಿ ಇಳಿಸಿ ಕೂತರು.

"ಡಾಕ್ಟ್ರಮ್ಮ, ಮದ್ವೆ ಆಗ್ದೇ ಇರೋರು ಈ ವಿದ್ಯೆ ಎಲ್ಲಿ ಕಲ್ತ್ರಿ?"

"ಸರ್ಕಾರ ಕಲಿಸ್ತು," ಎಂದೆ.

"ನಮ್ಮ್ ಗಂಡಂದಿರ್ಗೂ ಸ್ವಲ್ಪ ಕಲಿಸೋಕೆ ಹೇಳ್ರಿ ಸರ್ಕಾರಕ್ಕೆ."

ನಾನು ಡಾಕ್ಟರಲ್ಲ, ಬರೀ ಟೆಕ್ನಿಷಿಯನ್ ಎಂದು ಹೇಳಿ ಹೇಳಿ ಸೋತೆ. ಮರಿ ಇವತ್ತು ಮರದ ಹೆಂಡತಿಯ ಪಕ್ಕ ಮಲಗಿ ನಿದ್ದೆ ಮಾಡಿತು.

ಝಾವಿಸೆ ಎಂಬುವನೊಬ್ಬ ದಿನವೂ ಬಂದು ನೋಡುತ್ತಾನೆ. ಅರವತ್ತು ದಾಟಿದವನು, ಕಡ್ಡಿ ದೇಹ, ಕೈಯಲ್ಲಿ ಯಾವಾಗಲೂ ಝುಥೋ ತುಂಬಿದ ಚೊಂಬು. ಅಕ್ಕಿಯ ಹೆಂಡ ಅವನ ಮೈಯಿಂದಲೇ ಬಸಿಯುತ್ತದೇನೋ. ನಲವತ್ತು ವರ್ಷದಿಂದ ಊರಿನ ಮರಿಗಳ ತರಡು ತೆಗೆಯುವವನು ಅವನೇ ಅಂತೆ. ಕುಡುಕರ ಕೈಗೆ ಕತ್ತಿ ಕೊಡುವ ಊರು ಇದು.

ಫೆಬ್ರವರಿ 14

ಭಾನುವಾರ. ಊರಿಗೆ ಊರೇ ಚರ್ಚಿನಲ್ಲಿ. ಹಂದಿಗೂ ರಜೆ ಎಂದಳು ಮುದುಕಿ. ನೈಟ್ರೋಜನ್‌ಗೆ ಮಾತ್ರ ಭಾನುವಾರ ಗೊತ್ತಿಲ್ಲ, ಆವಿಯಾಗುತ್ತಲೇ ಇದೆ. 27.

ಫೆಬ್ರವರಿ 17

24 ಸೆಂ.ಮೀ. 43 ದಿನ.

ಮರಿ ಹತ್ತಿತು! ಎಣಿಸಿ ಹತ್ತು ಕ್ಷಣ. ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಇಳಿದು ಹೋಯಿತು. ಪರವಾಗಿಲ್ಲ, ಇನ್ನು ಮೂರು ದಿನದಲ್ಲಿ ಪಳಗುತ್ತದೆ.

ಸಂಜೆ ಕೆಟ್ಟ ಸುದ್ದಿ. ಬೆಟ್ಟದ ಆಚೆ ಬದಿಯ ಊರಿಗೆ ಹಂದಿಜ್ವರ ಬಂದಿದೆ. ಒಂದೇ ಒಂದು ಹಂದಿಗೆ ಬಂದರೂ ಸುತ್ತಲಿನ ಎಲ್ಲವನ್ನೂ ಕೊಂದು ಹೂಳುತ್ತಾರೆ. ಔಷಧಿ ಇಲ್ಲ. ಊರ ಹಿರಿಯ ನೈಸಾಲಿ ಪಾದ್ರಿಯ ಜೊತೆ ಮಾತಾಡಿ, ಹಿಂದಿನವರಂತೆ ಊರು ಮುಚ್ಚುವುದಾಗಿ ಸಾರಿದ. ಶುಕ್ರವಾರ ಸೂರ್ಯ ಹುಟ್ಟಿದಾಗಿನಿಂದ ಏಳು ದಿನ. ಯಾರೂ ಊರಬಾಗಿಲು ದಾಟುವಂತಿಲ್ಲ, ಹೊಲದ ಕೆಲಸವಿಲ್ಲ, ಕಬ್ಬಿಣ ಮುಟ್ಟುವಂತಿಲ್ಲ.

ಸಾಹೇಬರಿಗೆ ಫೋನ್ ಮಾಡಿದೆ. ಕೆಲಸ ಆಗಿಲ್ಲದಿದ್ದರೆ ನಾಳೆಯೇ ಹೊರಟು ಬನ್ನಿ ಎಂದರು. ನಾಳೆ ಇನ್ನೊಂದು ಸಲ ನೋಡುತ್ತೇನೆ. ಹತ್ತಿರ ಬಂದು ಬಿಟ್ಟು ಹೋಗುವುದು ನನ್ನ ಜಾಯಮಾನವಲ್ಲ.

ಫೆಬ್ರವರಿ 18

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಬೆಳಿಗ್ಗೆ ನಾನು ದೊಡ್ಡಿಯ ಬಾಗಿಲಿಗೆ ಒಂದು ಕೆಂಪು ಪಟ್ಟಿ ಕಟ್ಟಿದೆ. ನಮ್ಮ ಕೇಂದ್ರದಲ್ಲಿ ಕೆಂಪು ಪಟ್ಟಿ ಎಂದರೆ ಈ ಪ್ರಾಣಿಯನ್ನು ಯಾರೂ ಮುಟ್ಟಬಾರದು ಎಂದು. ಮುದುಕಿ ಏಳು ದಿನಕ್ಕಾಗುವಷ್ಟು ಸೌದೆ ತರಲು ಕಾಡಿಗೆ ಹೋಗಿದ್ದಳು. ನಾನು ಮೊಟ್ಟೆ ಹುಡುಕಿಕೊಂಡು ಕೆಳಗಿನ ಕೇರಿಗೆ ಹೋದೆ. ಹೆಪ್ಪುಗಟ್ಟಿಸುವ ಮೊದಲು ವೀರ್ಯಕ್ಕೆ ಮೊಟ್ಟೆಯ ಹಳದಿ ಬೆರೆಸಬೇಕು. ಮೂರು ಗಂಟೆಗೆ ಬಂದು ನೋಡಿದರೆ ಪಟ್ಟಿ ಇಲ್ಲ. ಮರಿ ಮೂಲೆಯಲ್ಲಿ ಮಲಗಿದೆ. ಹಿಂಗಾಲ ನಡುವೆ ಬೂದಿ ಮೆತ್ತಿದೆ.

ಝಾವಿಸೆಯ ಮನೆಗೆ ಓಡಿದೆ. ಒಲೆಯ ಮುಂದೆ ಕೂತಿದ್ದ. ಪಕ್ಕದಲ್ಲಿ ಬಾಳೆ ಎಲೆಯ ಪೊಟ್ಟಣಗಳು ಸಾಲಾಗಿದ್ದವು.

"ಅಜ್ಜಿ ಮನೆ ಮರಿಗೆ ಯಾಕೆ ಕೈ ಹಾಕ್ದೆ?"

"ನೀನೇ ಕಟ್ಟಿದ್ಯಲ್ಲ, ಬಾಗ್ಲಿಗೆ." ಅವನು ಜೇಬಿನಿಂದ ನನ್ನ ಕೆಂಪು ಪಟ್ಟಿ ತೆಗೆದ. "ಬಾಗ್ಲಿಗೆ ಏನಾದ್ರೂ ಕಟ್ಟಿದ್ರೆ, ಮನೇಲಿ ಯಾರ್ ಇಲ್ದಿದ್ರೂ ತರಡು ತೆಗ್ದು ಹೋಗು ಅಂತ ಅರ್ಥ. ನಾಳೆಯಿಂದ ಕಬ್ಬಿಣ ಮುಟ್ಟಂಗಿಲ್ಲ, ಪಾಪ ಡಾಕ್ಟ್ರಮ್ಮ ಅರ್ಜೆಂಟಲ್ಲಿದಾಳೆ ಅಂತ ಮೊದ್ಲೇ ಬಂದು ಮಾಡ್ದೆ. ಅಂಗಾಮಿ ಹುಡುಗಿ ಆಗಿ ಇಷ್ಟೂ ಗೊತ್ತಿಲ್ವಾ?"

ಕೊಹಿಮಾ ಪೇಟೆಯಲ್ಲಿ ಬೆಳೆದವಳಿಗೆ ಯಾರು ಹೇಳಬೇಕು ಇದನ್ನು? ನನ್ನ ಕೈಯಾರೆ ಮಾಡಿಕೊಂಡದ್ದು. ಯಾರನ್ನು ಬೈಯಲಿ?

ಆಗ ನೆನಪಾಯಿತು. ತರಡನ್ನು ಅಂಟಿಕೊಂಡ ಸುರುಳಿ ಚೀಲದ ಬಾಲದಲ್ಲಿ ವೀರ್ಯಾಣುಗಳು ಮೊದಲೇ ಸಿದ್ಧವಾಗಿ ಕೂತಿರುತ್ತವೆ. ತಣ್ಣಗಿಟ್ಟರೆ ಒಂದು ದಿನ ಬದುಕುತ್ತವೆ. ತರಬೇತಿಯಲ್ಲಿ ಹೇಳಿದ್ದರು, ಮಾಡಿ ನೋಡಿರಲಿಲ್ಲ.

"ಅಜ್ಜಿ ಮನೆದು ಎಲ್ಲಿ?"

ಝಾವಿಸೆ ಇವತ್ತು ಆರು ಮನೆ ಮುಗಿಸಿದ್ದ. ಅವನು ಹಣ ತೆಗೆದುಕೊಳ್ಳುವುದಿಲ್ಲ. ತೆಗೆದ ತರಡೇ ಅವನ ಪಾಲು. ಉಪ್ಪು, ಮೆಣಸಿನಕಾಯಿ ಹಾಕಿ ಕೆಂಡದಲ್ಲಿ ಸುಟ್ಟು ತಿನ್ನುತ್ತಾನೆ, ಮೊದಲ ಮನೆಯದನ್ನು ಮೊದಲು. ಎರಡು ಪೊಟ್ಟಣ ಖಾಲಿಯಾಗಿದ್ದವು. ಮೂರನೆಯದನ್ನು ಆಗ ತಾನೇ ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಇದೇ," ಎಂದ.

ನಾನು ಅವನ ಮಣಿಕಟ್ಟು ಹಿಡಿದೆ. ಇದು ಬೇಕು, ಕೊಡು ಎಂದೆ. ಇನ್ನೂರು ರೂಪಾಯಿ ತೆಗೆದೆ. ಅದು ಎರಡನೆಯ ತಪ್ಪು. ಅವನ ಮುಖ ಕಪ್ಪಿಟ್ಟಿತು.

"ತೆಗೆದೋನ ಪಾಲು ವಾಪಸ್ ಕೇಳೋ ಮನೆ ಉದ್ಧಾರ ಆಗಲ್ಲ. ಅದಕ್ಕೆ ದುಡ್ಡು ಬೇರೆ. ನಲ್ವತ್ ವರ್ಷದಲ್ಲಿ ಯಾರೂ ನಂಗೆ ಹಿಂಗ್ ಅವಮಾನ ಮಾಡಿಲ್ಲ."

ಅಷ್ಟರಲ್ಲಿ ಯಾರೋ ಹೇಳಿ ಮುದುಕಿ ಸೌದೆ ಹೊರೆ ಹೊತ್ತುಕೊಂಡೇ ಬಂದಳು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಇದೊಂದು ಹೋದರೆ ಈ ಜಾತಿಯ ಗಂಡು ಇನ್ನೆಲ್ಲೂ ಇಲ್ಲ ಎಂದೆ. ಅವಳು ಹೊರೆ ಇಳಿಸಿ, ಒಲೆಯ ಪಕ್ಕ ಕೂತು, ಅವನ ಚೊಂಬಿನಿಂದಲೇ ಒಂದು ಗುಟುಕು ಕುಡಿದಳು.

"ಕೊಡ್ಬೇಡ ಝಾವಿಸೆ. ನಿನ್ ಪಾಲು ನೀನೇ ಇಟ್ಕೊ. ಆದ್ರೆ ಇವಳ್ ಕ್ಯಾನಲ್ಲಿ ಇಟ್ಕೊ. ಕೆಡಲ್ಲ ಅಂತಾಳೆ."

ಅವನು ಕಡ್ಡಿಯಿಂದ ಕೆಂಡ ಕೆದಕಿದ. "ಎಷ್ಟ್ ದಿನ ಕೆಡಲ್ಲ?" ಎಂದ.

"ಐವತ್ತು ವರ್ಷ ಇಡಬಹುದು."

"ಅಷ್ಟ್ ದಿನ ಹಸಿವು ತಡ್ಕೋಬೇಕಾ?"

ಈಗ ಅವು ಪ್ಲಾಸ್ಟಿಕ್ ಚೀಲದಲ್ಲಿ, ಒರತೆ ನೀರಿನ ಮಡಕೆಯೊಳಗೆ ಇವೆ. ನೀರು ಆರು ಡಿಗ್ರಿ. ಈ ಚಳಿಯನ್ನು ಹತ್ತು ದಿನದಿಂದ ಶಪಿಸಿದ್ದೆ.

ಫೆಬ್ರವರಿ 19

ಸೂರ್ಯ ಹುಟ್ಟಿದ. ಊರಬಾಗಿಲು ಮುಚ್ಚಿದರು. ಆಮೇಲೆ ಹೊಳೆಯಿತು. ಸುರುಳಿಯ ಬಾಲವನ್ನು ಸಣ್ಣಗೆ ಸೀಳಬೇಕು, ನನ್ನ ಬ್ಲೇಡು ಕಬ್ಬಿಣದ್ದು. ನೈಸಾಲಿಯನ್ನು ಕೇಳಿದರೆ ಬೇಡ ಎನ್ನುತ್ತಾನೆ, ಕೇಳದೆ ಮಾಡಿದರೆ ಅಜ್ಜಿಯ ಮನೆಗೆ ದಂಡ.

ಝಾವಿಸೆ ಬಂದ, ಚೊಂಬಿಲ್ಲದೆ. ಸೊಂಟದಿಂದ ಬಿದಿರಿನ ಸಿಪ್ಪೆಯ ಕಟ್ಟು ಬಿಚ್ಚಿದ. "ನಮ್ಮಪ್ಪ ಇದ್ರಲ್ಲೇ ತೆಗೀತಿದ್ದ. ಮಕ್ಕಳ ಹೊಕ್ಕಳಬಳ್ಳಿನೂ ಇದ್ರಲ್ಲೇ. ಬಿದಿರಿಗೆ ನಿಷೇಧ ಇಲ್ಲ."

ಸಿಪ್ಪೆಯನ್ನು ಕುದಿಸಿದೆವು. ನಾನು ತೋರಿಸಿದ ಕಡೆ ಅವನು ಸೀಳಿದ, ಒಂದು ಹನಿ ರಕ್ತ ಬೆರೆಯದಂತೆ. ನನ್ನ ಕೈಯಲ್ಲಿ ಅಷ್ಟು ಚೊಕ್ಕವಾಗಿ ಆಗುತ್ತಿರಲಿಲ್ಲ. ಇದನ್ನು ಅವನಿಗೆ ಹೇಳುವುದಿಲ್ಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ತಟ್ಟೆ ತುಂಬ ಮಿಸುಕಾಟ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಷ್ಟರಲ್ಲಿ ನೈಸಾಲಿ ಬಾಗಿಲಲ್ಲಿ ನಿಂತ.

"ಒಳಗೇನು ಕೆಲ್ಸ ನಡೀತಿದೆ?"

"ಕೆಲ್ಸ ಇಲ್ಲ ದೊಡ್ಡಪ್ಪ, ನೋಡ್ತಾ ಕೂತಿದೀವಿ," ಎಂದೆ.

"ನೋಡೋದು ಕೆಲ್ಸ ಅಲ್ಲ, ಸರಿ. ಅದರಲ್ಲಿ ಕಬ್ಬಿಣ ಇದೆಯಾ?"

"ಗಾಜು, ಹಿತ್ತಾಳೆ." ಒಳಗಿನ ತಿರುಪುಗಳ ಲೆಕ್ಕ ನಾನು ಕೊಡಲಿಲ್ಲ.

ಅವನೂ ಬಗ್ಗಿ ಕಣ್ಣಿಟ್ಟ. "ಇಷ್ಟು ಮಂದಿ ಓಡಾಡ್ತಿದಾರೆ. ಇವರಿಗೆ ಯಾರೂ ನಿಷೇಧ ಹೇಳಿಲ್ವಾ?" ಎಂದು ನಗದೆ ಕೇಳಿ ಹೋದ.

ಹಳದಿ ಬೆರೆಸಿ, ನಿಧಾನ ತಣಿಸಿ, ನಳಿಕೆಗಳಿಗೆ ತುಂಬಿ, ಪೆಟ್ಟಿಗೆಯಲ್ಲಿ ನೈಟ್ರೋಜನ್ ಹೊಗೆಯ ಮೇಲೆ ಕಾಲು ಗಂಟೆ ಇಟ್ಟು ಮುಳುಗಿಸಿದೆ. ಮೂವತ್ತೊಂದು ನಳಿಕೆ. ಒಂದನ್ನು ಕರಗಿಸಿ ನೋಡಿದೆ. ನೂರಕ್ಕೆ ನಲವತ್ತು ಈಜುತ್ತಿವೆ. ಉಳಿದದ್ದು ಮೂವತ್ತು. ಅಜ್ಜಿ ಹಟ ಹಿಡಿದಳೆಂದು ನಮೂನೆಯಲ್ಲಿ ಮಾಲೀಕರು ಎಂಬ ಕಡೆ ಝಾವಿಸೆ ಎಂದು ಬರೆದೆ.

ಕ್ಯಾನಿನಲ್ಲಿ 15. ಐದಕ್ಕಿಂತ ಕೆಳಗೆ ಹೋಗಬಾರದು.

ನನ್ನ ಅಕ್ಕಿ ಮುಗಿದಿದೆ. ಅಜ್ಜಿ ಸೊಪ್ಪು ಹಾಕಿ ಗಾಲ್ಹೋ ಗಂಜಿ ಮಾಡಿದ್ದಳು. ಎರಡು ಬಟ್ಟಲು ತಿಂದೆ.

ಫೆಬ್ರವರಿ 23

12. ಕೆಲಸವಿಲ್ಲ. ಅಜ್ಜಿ ನೂಲುತ್ತಾಳೆ. ಝಾವಿಸೆ ದಿನವೂ ಕ್ಯಾನಿನ ಮುಚ್ಚಳ ಮುಟ್ಟಿ "ನನ್ ಪಾಲು ಹೆಂಗಿದೆ?" ಎಂದು ಕೇಳುತ್ತಾನೆ. ಚಳಿಯಲ್ಲಿ ಮಲಗಿದೆ ಎನ್ನುತ್ತೇನೆ.

ಫೆಬ್ರವರಿ 26

10. ನೈಸಾಲಿ ಊರಬಾಗಿಲು ತೆಗೆಸಿದ. ಹೊರಗೆ ನಮ್ಮ ಇಲಾಖೆಯವರು ಅಡ್ಡಗಟ್ಟೆ ಹಾಕಿ ನಿಂತಿದ್ದರು. ನಿನ್ನೆ ಕೆಳಗಿನ ಕೇರಿಯಲ್ಲಿ ಒಂದು ಹಂದಿ ಸತ್ತಿದೆ, ಜ್ವರವೇ. ಊರು ಮುಚ್ಚುವ ಮೊದಲೇ ಬಂದು ಒಳಗೆ ಕೂತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನಮ್ಮ ಕತೆ.

ಸಾಹೇಬರಿಗೆ ಫೋನ್ ಮಾಡಿ ನೈಟ್ರೋಜನ್ ಕೇಳಿದೆ. ಒಳಗೆ ಯಾವ ಗಾಡಿಯೂ ಹೋಗುವಂತಿಲ್ಲ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು.

ಮಾರ್ಚ್ 2

7. ಅಜ್ಜಿಯ ದೊಡ್ಡ ಹೆಣ್ಣು ಬೆಳಿಗ್ಗೆ ಮೇವು ಮುಟ್ಟಲಿಲ್ಲ. ಕಿವಿ ಕೆಂಪಾಗಿದೆ. ಅಜ್ಜಿಗೂ ಗೊತ್ತಾಗಿತ್ತು.

ಮಾರ್ಚ್ 4

5.

ಇಡೀ ಊರಿನಲ್ಲಿ ಕೊಂದು ಹೂಳಿದ್ದು ನೂರಮೂವತ್ತೇಳು. ಗುಂಡಿ ತೋಡಿದವರಲ್ಲಿ ಝಾವಿಸೆಯೂ ಇದ್ದ. ಅಜ್ಜಿ ಬೆಳಿಗ್ಗೆ ಕೆಸುವಿನ ಗೆಡ್ಡೆ ಬೇಯಿಸಿ, ತೌಡು ಕಲಸಿ, ಮೂರಕ್ಕೂ ಹೊಟ್ಟೆ ತುಂಬ ಹಾಕಿದಳು. ಮರಿ ಮಾತ್ರ ಗಟ್ಟಿಮುಟ್ಟಾಗಿತ್ತು. ಅದರ ರಕ್ತ ಪರೀಕ್ಷೆಗೆ ತೆಗೆದುಕೊಂಡೆ. ಕೊಲ್ಲುವಾಗಲೂ ನಾನೇ ಹಿಡಿದುಕೊಂಡೆ. ಅತ್ತುಬಿಟ್ಟೆ. ಅಜ್ಜಿ ಅಳಲಿಲ್ಲ, ಖಾಲಿ ದೊಡ್ಡಿಯನ್ನು ಗುಡಿಸುತ್ತಲೇ ಇದ್ದಳು.

ಸಾಹೇಬರು ಫೋನ್ ಮಾಡಿದರು. ನಾನೊಬ್ಬಳು ಸ್ನಾನ ಮಾಡಿ, ಬಟ್ಟೆ ಸುಟ್ಟು ಹೊರಗೆ ಬರಬಹುದಂತೆ. ಕ್ಯಾನು ಪರೀಕ್ಷೆಯ ಫಲಿತಾಂಶ ಬರುವವರೆಗೆ ಹೊರಗೆ ಬರುವಂತಿಲ್ಲ. "ಅದರಲ್ಲಿ ಉಳಿಯೋದೇನೂ ಇಲ್ಲ ವಿಬೈನುವೊ, ಬಂದುಬಿಡಿ" ಎಂದರು. ಬರಲ್ಲ ಎಂದೆ. ಕೋಪದಲ್ಲಿ ಬಾಯಿಗೆ ಬಂದದ್ದು. ಒಂದು ಲೋಟ ನೈಟ್ರೋಜನ್ ಕಳಿಸಲಾಗದವರು ಡಿಮಾಪುರದಲ್ಲಿ ಕುರ್ಚಿ ಕೊಡುತ್ತಾರಂತೆ.

ಮಾರ್ಚ್ 6

ಬೆಳಿಗ್ಗೆ 3. ನಳಿಕೆಗಳ ತಲೆ ಹೊರಗೆ. ಕ್ಯಾನಿಗೆ ಕಂಬಳಿ ಸುತ್ತಿ ಕಾದೆ. ಕಂಬಳಿಯಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಅಜ್ಜಿ ತನ್ನದನ್ನೂ ಸುತ್ತಿದಳು.

ನೈಸಾಲಿ ತನ್ನ ಹಿರಿತನದ ಕೆಂಪು ಶಾಲು ಹೊದ್ದು ಅಡ್ಡಗಟ್ಟೆಗೆ ಹೋಗಿ ಕೂತ. "ಏಳು ದಿನ ನಾವು ಬಾಗ್ಲು ಕಾದ್ವಿ, ಒಬ್ರೂ ದಾಟ್ಲಿಲ್ಲ. ನಿಮ್ ಬಾಗ್ಲು ನಾವು ಮುರಿಯಲ್ಲ. ಆದ್ರೆ ಆ ಹುಡುಗಿಗೆ ಬೇಕಾದ್ದು ಬರೋವರೆಗೂ ನಾನು ಏಳಲ್ಲ," ಎಂದನಂತೆ. ಮಧ್ಯಾಹ್ನ ಜೀಪಿನವನು ಊರಬಾಗಿಲ ಚಪ್ಪಡಿಯ ಮೇಲೆ ನೈಟ್ರೋಜನ್ ಡ್ರಮ್ಮು ಇಟ್ಟು, ನೂರು ಹೆಜ್ಜೆ ಹಿಂದೆ ಸರಿದ. ನಾನೂ ಝಾವಿಸೆಯೂ ಹೋಗಿ ಹೊತ್ತು ತಂದೆವು. ಸುರಿಯುವಾಗ ಬುಸ್ ಎಂದು ಹೊಗೆ ಎದ್ದಿತು.

"ಬಾಯಾರಿತ್ತು ನನ್ ಪಾಲಿಗೆ," ಎಂದ ಝಾವಿಸೆ.

ಒಂದು ನಳಿಕೆ ಕರಗಿಸಿ ನೋಡಿದೆ. ನೂರಕ್ಕೆ ಮೂವತ್ತೈದು ಈಜುತ್ತಿವೆ. ಸಾಕು.

ಮಾರ್ಚ್ 27, ಕೇಂದ್ರ

ಊರಲ್ಲಿರುವಾಗಲೇ ನಿನ್ನೆ ಫಲಿತಾಂಶ ಬಂತು, ಇವತ್ತು ಕ್ಯಾನಿನೊಂದಿಗೆ ಇಲ್ಲಿಗೆ ಬಂದೆ. ಮರಿಯ ರಕ್ತದಲ್ಲೂ ಕಳಿಸಿದ್ದ ಒಂದು ನಳಿಕೆಯಲ್ಲೂ ಜ್ವರದ ಸುಳಿವಿಲ್ಲ. ಹೊರಡುವ ಮೊದಲು ಅಜ್ಜಿಗೆ ಹೇಳಿದೆ. "ಗೊತ್ತಿತ್ತು, ಅದರ ಕಿವಿ ತಣ್ಣಗಿತ್ತು," ಎಂದಳು.

ಮಾರ್ಚ್ 30

ಕೇಂದ್ರದ ಹೆಣ್ಣು ಬೆದೆಗೆ ಬಂದಿದೆ. ಹನ್ನೆರಡು ನಳಿಕೆ ಕರಗಿಸಿ ಹಾಕಿದೆ.

ಏಪ್ರಿಲ್ 21

ಹೆಣ್ಣು ತಿರುಗಿ ಬೆದೆಗೆ ಬರಲಿಲ್ಲ, ಗಬ್ಬ ನಿಂತಿರಬೇಕು. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೇನೆ. ನಾನು ಹೋಗದ ಡಿಮಾಪುರದ ಕುರ್ಚಿಗೆ ಬೇರೆ ಯಾರೋ ಬಂದಿದ್ದಾರಂತೆ. ಫ್ಯಾನು ಕೆಟ್ಟಿದೆಯಂತೆ.

ಜುಲೈ 22

ನಾಲ್ಕು ಮರಿ. ಮೂರು ಹೆಣ್ಣು, ಒಂದು ಗಂಡು.

ಅಜ್ಜಿ ಫೋನಿನಲ್ಲಿ ಮೊದಲು ಕೇಳಿದ್ದು, "ಮೂತಿ ಉದ್ದ ಇದೆಯಾ?" ಇದೆ ಎಂದೆ. ಪಕ್ಕ ಝಾವಿಸೆ ಏನಂತೆ ಏನಂತೆ ಎನ್ನುತ್ತಿದ್ದ.

"ನಿನ್ ಪಾಲು ಎದ್ದು ಹಾಲು ಕುಡೀತಿದೆಯಂತೆ ಕಣೋ," ಎಂದಳು ಅಜ್ಜಿ.

ಅಕ್ಟೋಬರ್ 30, ಝೆಖೋಮಾ

ಊರಲ್ಲಿ ಮತ್ತೆ ಹಂದಿ ಸಾಕಲು ಅಪ್ಪಣೆಯಾಗಿದೆ. ಇರುವ ಒಂದೇ ಗಂಡನ್ನು ಊರಿಗೆ ಬಿಡಲಾಗದು ಎಂದು ಸಾಹೇಬರು ಒಂದು ವಾರ ಹಟ ಹಿಡಿದರು. ಮಾಲೀಕರು ಝಾವಿಸೆ ಎಂದು ಬರೆದ ನಮೂನೆ ತೋರಿಸಿದೆ. ಕೆಳಗೆ ಅವರದೇ ಸಹಿ, ಓದದೆ ಹಾಕಿದ್ದು. ಅಲ್ಲೇ ಸಾಕಿ, ಅಲ್ಲೇ ವೀರ್ಯ ಹಿಡಿದು ತರುವುದೆಂದು ಒಪ್ಪಂದವಾಯಿತು. ತರುವವಳು ನಾನೇ, ಇನ್ಯಾರು?

ಒಂದು ಹೆಣ್ಣನ್ನು ಅಜ್ಜಿಯ ಮಡಿಲಿಗೆ ಹಾಕಿದೆ. ಗಂಡನ್ನು ಝಾವಿಸೆಯ ಕೈಗೆ ಕೊಟ್ಟೆ. ನಲವತ್ತು ವರ್ಷದಲ್ಲಿ ಊರಿನ ಒಂದು ಗಂಡು ಮರಿಯನ್ನೂ ಅವನು ಕೆಲಸಕ್ಕಲ್ಲದೆ ಎತ್ತಿಕೊಂಡದ್ದಿಲ್ಲವಂತೆ. ಹೇಗೆ ಹಿಡಿಯಬೇಕೆಂದೇ ತಿಳಿಯಲಿಲ್ಲ ಅವನಿಗೆ. ಅಭ್ಯಾಸಬಲದಿಂದ ಹಿಂಗಾಲು ಹಿಡಿದ, ಆಮೇಲೆ ನಾಚಿಕೊಂಡು ಎದೆಗೆ ಒತ್ತಿಕೊಂಡ.

ದೊಡ್ಡಿಯ ಬಾಗಿಲಿಗೆಂದು ನಾನು ಚೀಲದಿಂದ ಕೆಂಪು ಪಟ್ಟಿ ತೆಗೆದೆ. ಅಜ್ಜಿ ಕೈಮೇಲೆ ರಪ್ಪನೆ ಹೊಡೆದಳು.

ನವೆಂಬರ್ 22, ಝೆಖೋಮಾ

ಗಂಡಿಗೆ ಇವತ್ತಿಗೆ ನಾಲ್ಕು ತಿಂಗಳು ತುಂಬಿತು. ಮರದ ಹೆಣ್ಣಿನ ಮೇಲೆ ಈಗಾಗಲೇ ಎರಡು ಸಲ ಹತ್ತಿದೆ.

ಬೆಳಿಗ್ಗೆ ಎದ್ದು ನೋಡಿದರೆ ಝಾವಿಸೆ ಅಜ್ಜಿಯ ದೊಡ್ಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾನೆ. ಸೊಂಟದಲ್ಲಿ ಬಿದಿರಿನ ಕಟ್ಟು ಇಲ್ಲ. ನೀರಿಗೆ ಹೊರಟ ಹೆಂಗಸರು ನಿಂತರು.

"ಏನ್ ಝಾವಿಸೆ ಮಾವ, ನಾಲ್ಕ್ ತಿಂಗ್ಳು ತುಂಬ್ತಲ್ಲ. ತೆಗೆಯಲ್ವಾ?"

"ಇವತ್ತು ಕೆಲ್ಸ ಇಲ್ಲ."

"ಯಾಕೆ? ಊರು ಮುಚ್ಚಿದಾರಾ?"

"ಈ ಬಾಗ್ಲು ಮುಚ್ಚಿದೀನಿ. ನಾನು."

ಹೆಂಗಸರು ನಗುತ್ತಾರೆಂದುಕೊಂಡೆ. ನಗಲಿಲ್ಲ, ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಹೋದರು. ಸಂಜೆಯವರೆಗೆ ಅವನು ಅಲ್ಲಿಂದ ಏಳಲಿಲ್ಲ. ಒಳಗಿನಿಂದ ಗಂಡು ಬೇಲಿಯ ಸಂದಿಯಲ್ಲಿ ಮೂತಿ ತೂರಿಸಿ ಅವನ ಬೆನ್ನು ಮೂಸುತ್ತಿತ್ತು. ಗಾಲ್ಹೋ ಅಲ್ಲಿಗೇ ಒಯ್ದು ಕೊಟ್ಟೆ, ನಾನೂ ಪಕ್ಕದಲ್ಲಿ ಕೂತು ತಿಂದೆ.

ಕ್ಯಾನಿನಲ್ಲಿ 30.